ಹೆಸರು ಉಳಿಯಿತು, ಟೆಂಪೊ ಹೋಯಿತು

ಕಲಬುರಗಿಯ ಕುಸನೂರ ಕಡೆಗೆ ಮನೆ ಬದಲಿಸುವವರು ಸಾಮಾನು ಸಾಗಿಸಲು ಇಂದಿಗೂ ಟೆಂಪೊವನ್ನೇ ಕರೆಯುತ್ತಾರೆ. ಆದರೆ ಬಾಗಿಲಿಗೆ ಬಂದು ನಿಲ್ಲುವುದು ಬೇರೆ ಕಂಪನಿಯ ವಾಹನ. ಟೆಂಪೊ ಎಂಬುದು ಜರ್ಮನಿಯ ಹ್ಯಾಂಬರ್ಗ್ ನಗರದ ಒಂದು ಕಂಪನಿಯ ವಾಹನದ ಹೆಸರಾಗಿತ್ತೆಂದು ಬಲ್ಲವರು ವಿರಳ.

ಆ ಕಂಪನಿಯ ಸಹಯೋಗದಿಂದ ಎನ್.ಕೆ. ಫಿರೋದಿಯಾ 1958ರಲ್ಲಿ ಬಜಾಜ್ ಟೆಂಪೊ ಸ್ಥಾಪಿಸಿದರು. ಮುಂದೆ ಒಂದು, ಹಿಂದೆ ಎರಡು ಚಕ್ರಗಳಿದ್ದ ಅದರ ಹ್ಯಾನ್ಸಿಯಟ್ ಗಾಡಿಯ ತಯಾರಿಕೆ ಜರ್ಮನಿಯಲ್ಲಿ ಐವತ್ತರ ದಶಕದಲ್ಲೇ ನಿಂತಿದ್ದರೂ ಭಾರತದಲ್ಲಿ 2000ದ ತನಕ ನಡೆಯಿತು. 1969ರಲ್ಲಿ ನಾಲ್ಕು ಚಕ್ರದ ಮೆಟಡಾರ್ ಬಂತು. ಅದೂ ಜನರ ಬಾಯಲ್ಲಿ ಒಂದು ಜಾತಿಯ ಹೆಸರೇ ಆಗಿಹೋಯಿತು.

ಕಲಬುರಗಿ ಸೀಮೆಗೆ ಇಂತಹ ಗಾಡಿಗಳು ಹೇಳಿ ಮಾಡಿಸಿದಂತಿದ್ದವು. ನೆಹರು ಗಂಜಿಗೆ ಬರುವ ತೊಗರಿ, ಕಮಲಾಪುರದ ಕೆಂಪು ಬಾಳೆ, ಶಹಾಬಾದಿನ ಕಲ್ಲು, ಮಳೆಗೆ ಕೆಸರಾಗುವ ಎರೆಭೂಮಿ. ಇಲ್ಲಿ ಬೇಕಾದದ್ದು ಅಂದವಲ್ಲ, ದಾರಿಯಲ್ಲಿ ಕೈಕೊಟ್ಟರೆ ದಾರಿಯಲ್ಲೇ ಸರಿಹೋಗುವ ಗುಣ. ನಾಲ್ಕು ಪಾನಾ, ಒಂದಿಷ್ಟು ತಂತಿ ಮತ್ತು ಎಂಜಿನ್ನಿನ ಸದ್ದಿನಿಂದಲೇ ರೋಗ ಹೇಳುವ ಉಸ್ತಾದ ಇದ್ದರೆ ಸಾಕಿತ್ತು. ಶಾಲೆ ಬಿಟ್ಟ ಹುಡುಗರು ಅವನ ಕೈಕೆಳಗೆ ವಿದ್ಯೆ ಕಲಿತು ತಮ್ಮದೇ ಗ್ಯಾರೇಜ್ ತೆರೆಯುತ್ತಿದ್ದರು.

2005ರಲ್ಲಿ ಬಜಾಜ್ ಟೆಂಪೊ ತನ್ನ ಹೆಸರನ್ನು ಫೋರ್ಸ್ ಮೋಟಾರ್ಸ್ ಎಂದು ಬದಲಿಸಿಕೊಂಡಿತು. ಅದೇ ವರ್ಷ ಟಾಟಾ ಏಸ್ ಬಂತು. ಎರಡು ಸಿಲಿಂಡರಿನ ಡೀಸೆಲ್ ಎಂಜಿನ್, ಬೆಲೆ ಸುಮಾರು 2.25 ಲಕ್ಷ. ಜನ ಅದಕ್ಕೆ ‘ಚೋಟಾ ಹಾಥಿ’ ಎಂದು ಹೆಸರಿಟ್ಟರು. ಸಾಲ ಮಾಡಿ ಒಂದು ಗಾಡಿ ಕೊಂಡ ಚಾಲಕ ಮಾಲೀಕನಾದ.

ಮುಂದೆ ಹೊಗೆಯ ನಿಯಮಗಳು ಬಿಗಿಯಾದವು. 2017ರ ಏಪ್ರಿಲ್‌ನಲ್ಲಿ ದೇಶದಾದ್ಯಂತ ಬಿಎಸ್-4, 2020ರ ಏಪ್ರಿಲ್‌ನಲ್ಲಿ ಬಿಎಸ್-6 ಜಾರಿಗೆ ಬಂತು. ಇಂಧನದ ಹನಿಹನಿಯನ್ನೂ ಅಳೆಯುವ ಕಂಪ್ಯೂಟರ್, ಸೆನ್ಸರ್‌ಗಳು, ಹೊಗೆ ಶುದ್ಧೀಕರಿಸುವ ಸಲಕರಣೆಗಳು ಸಣ್ಣ ಗಾಡಿಗೂ ಸೇರಿದವು. ಬೆಲೆ ಏರಿತು. ಕಿವಿಯಿಂದ ರೋಗ ಹಿಡಿಯುತ್ತಿದ್ದ ಉಸ್ತಾದನಿಗೆ ಈಗ ದೋಷ ತೋರಿಸುವ ಯಂತ್ರ ಬೇಕು.

ಹಾಗೆಂದು ಹಳೆಯ ಹೊಗೆಗಾಗಿ ಕಣ್ಣೀರು ಸುರಿಸಬೇಕಾಗಿಲ್ಲ. ಅದನ್ನು ಹೆಚ್ಚು ನುಂಗಿದವರು ರಸ್ತೆಬದಿಯ ವ್ಯಾಪಾರಿಗಳು ಮತ್ತು ಚಾಲಕರೇ. ಗಾಳಿ ಶುದ್ಧವಾಗಲೇಬೇಕು. ಆದರೆ ಅದರ ಬೆಲೆಯನ್ನು ತೆತ್ತವರು ಯಾರು? ಒಂದೇ ಗಾಡಿಯ ಮಾಲೀಕ ಮತ್ತು ಬೀದಿಯ ಮೆಕ್ಯಾನಿಕ್. ಗಾಡಿಯ ಜೊತೆ ಅದನ್ನು ಬಲ್ಲ ವಿದ್ಯೆಯೂ ಬೀದಿಯಿಂದ ಕಂಪನಿಯ ಕೊಠಡಿಗೆ ಸರಿಯಿತು.

ಸರಳ ಗಾಡಿಯ ಬೇಡಿಕೆ ಇನ್ನೂ ಸತ್ತಿಲ್ಲ. 2023ರಲ್ಲಿ ಟೊಯೋಟಾ ಥಾಯ್ಲೆಂಡ್‌ನಲ್ಲಿ ಅಲಂಕಾರವಿಲ್ಲದ ಹೈಲಕ್ಸ್ ಚಾಂಪ್ ತಂದಿತು. 2025ರಲ್ಲಿ ಟಾಟಾ ಕಂಪನಿಯೇ 3.99 ಲಕ್ಷದಿಂದ ಆರಂಭವಾಗುವ ಏಸ್ ಪ್ರೊ ಹೊರತಂದಿತು. ಆದರೆ ಅಗ್ಗವಾದ ಮಾತ್ರಕ್ಕೆ ಅದು ಉಸ್ತಾದನ ಕೈಗೆ ಒಗ್ಗುವುದೆಂದಲ್ಲ. 2022ರಲ್ಲಿ ಕೇಂದ್ರ ಸರಕಾರ ‘ದುರಸ್ತಿಯ ಹಕ್ಕಿ’ನ ಬಗ್ಗೆ ಸಮಿತಿ ರಚಿಸಿತು. ವಾಹನಗಳೂ ಅದರ ವ್ಯಾಪ್ತಿಯಲ್ಲಿದ್ದವು. ದುರಸ್ತಿಯ ಮಾಹಿತಿ, ಯಂತ್ರ ಮತ್ತು ತರಬೇತಿ ಸಣ್ಣ ಗ್ಯಾರೇಜಿಗೂ ದೊರೆಯುವಂತಾದರೆ ಮಾತ್ರ ಆ ಹಕ್ಕಿಗೆ ಅರ್ಥವಿದೆ. ಇಲ್ಲವಾದರೆ ಟೆಂಪೊದಂತೆ ಉಸ್ತಾದನೂ ಬರೀ ಹೆಸರಾಗಿ ಉಳಿದಾನು.