ಹುಲ್ಲಿನ ಮೇಲೆ ಕುಳಿತ ಕ್ಷತ್ರಪ

ಕ್ಷತ್ರಪ ಎಂಬ ಮಾತು ನಮಗೆ ಹೊಸದಲ್ಲ. ಶಾತವಾಹನರೊಡನೆ ಕಾದಾಡಿದ ಪಶ್ಚಿಮ ಕ್ಷತ್ರಪರನ್ನು ಶಾಲೆಯ ಪಾಠಗಳಲ್ಲಿ ಓದಿದ್ದೇವೆ. ಆ ಮಾತಿನ ತವರು ಪ್ರಾಚೀನ ಪರ್ಷಿಯ. ರಾಜ್ಯವನ್ನು ಕಾಯುವವನು ಎಂದು ಅದರ ಅರ್ಥ. ಅಲ್ಲಿಯ ಸಮ್ರಾಟರು ಪ್ರಾಂತಕ್ಕೊಬ್ಬ ಕ್ಷತ್ರಪನನ್ನು ನೇಮಿಸಿ, ಕಂದಾಯ ಎತ್ತುವ, ದಂಡು ಕಟ್ಟುವ, ಗಡಿ ಕಾಯುವ ಹೊಣೆಯನ್ನು ಅವನಿಗೆ ವಹಿಸುತ್ತಿದ್ದರು. ಅಂಥವರಲ್ಲಿ ಒಬ್ಬನು ಫಾರ್ನಬಾಜಸ್.

ಇಂದಿನ ತುರ್ಕಿಯ ವಾಯವ್ಯ ಭಾಗದಲ್ಲಿ, ಸರೋವರವೊಂದರ ಬಳಿಯಿದ್ದ ದಾಸ್ಕಿಲಿಯಂ ಅವನ ರಾಜಧಾನಿ. ಕ್ರಿ.ಪೂ. 5ನೆಯ ಶತಮಾನದ ಮೊದಲ ಭಾಗದಿಂದಲೂ ಅವನ ವಂಶದವರೇ ಆ ಪ್ರಾಂತವನ್ನು ಆಳಿಕೊಂಡು ಬಂದಿದ್ದರು. ಹೀಗಾಗಿ ಆ ನೆಲ ಅವನಿಗೆ ಸಮ್ರಾಟನು ಕೊಟ್ಟ ಅಧಿಕಾರವೂ ಹೌದು, ಪಿತ್ರಾರ್ಜಿತವೂ ಹೌದು. ಈ ಎರಡರ ನಡುವೆಯೇ ಅವನ ಬಾಳು ಸಾಗಿತು.

ಅಥೆನ್ಸ್ ಮತ್ತು ಸ್ಪಾರ್ಟಾಗಳ ದೀರ್ಘ ಯುದ್ಧದಲ್ಲಿ ಆತ ಸ್ಪಾರ್ಟಾದ ಮಿತ್ರ. ಕ್ರಿ.ಪೂ. 411ರಲ್ಲಿ ಅಬಿಡಸಿನ ಕಾಳಗದಲ್ಲಿ ಕುದುರೆಯನ್ನು ಕಡಲೊಳಕ್ಕೇ ನುಗ್ಗಿಸಿ ಹೋರಾಡಿದನು. ಮರುವರ್ಷ ಸ್ಪಾರ್ಟಾದ ನೌಕಾಪಡೆ ನಾಶವಾದಾಗ ನಾವಿಕರಿಗೆ ಬಟ್ಟೆಯನ್ನೂ ಎರಡು ತಿಂಗಳ ದಿನಸಿಯ ವೆಚ್ಚವನ್ನೂ ಕೊಟ್ಟು, ಹೊಸ ಹಡಗುಗಳಿಗಾಗಿ ಈಡಾ ಪರ್ವತದ ಮರವನ್ನು ಕಡಿಯಗೊಟ್ಟನು. ಈ ಚಿತ್ರಕ್ಕೆ ಕಪ್ಪು ಕಲೆಯೂ ಇದೆ. ಕ್ರಿ.ಪೂ. 404ರಲ್ಲಿ, ತನ್ನ ಆಶ್ರಯಕ್ಕೆ ಬಂದಿದ್ದ ಅಥೆನ್ಸಿನ ಆಲ್ಸಿಬಯಡೀಸನನ್ನು ಸ್ಪಾರ್ಟಾದವರ ಕೋರಿಕೆಯಂತೆ ಈತ ಕೊಲ್ಲಿಸಿದನೆಂದು ಪ್ರಾಚೀನರಲ್ಲಿ ಹಲವರು ಬರೆದಿದ್ದಾರೆ.

ಅದೇ ಸ್ಪಾರ್ಟಾ ಮುಂದೆ ಅವನ ಮೇಲೆ ತಿರುಗಿಬಿದ್ದಿತು. ಕ್ರಿ.ಪೂ. 395-94ರ ಚಳಿಗಾಲದಲ್ಲಿ ಅರಸ ಅಗೆಸಿಲಾಸ್ ಅವನ ಪ್ರಾಂತವನ್ನು ಸೂರೆಗೈದನು. ಕೊನೆಗೆ ಇಬ್ಬರಿಗೂ ಭೇಟಿ ಏರ್ಪಟ್ಟಿತು. ಅಗೆಸಿಲಾಸನೂ ಅವನ ಮೂವತ್ತು ಮಂದಿ ಸಂಗಡಿಗರೂ ಹುಲ್ಲಿನ ಮೇಲೆ ಒರಗಿ ಕಾದಿದ್ದರು. ಬೆಲೆಬಾಳುವ ಉಡುಪಿನಲ್ಲಿ ಬಂದ ಕ್ಷತ್ರಪನಿಗೆ ಸೇವಕರು ಮೆತ್ತನೆಯ ಹಾಸು ಹಾಸತೊಡಗಿದರು. ಎದುರಿನವರ ಸರಳತೆಯನ್ನು ಕಂಡು ನಾಚಿದ ಆತ, ಹಾಗೆಯೇ ನೆಲದ ಮೇಲೆ ಕುಳಿತನು.

ಹಿರಿಯನಾದ್ದರಿಂದ ಮೊದಲು ಅವನೇ ಮಾತನಾಡಿದನು. ಹಳೆಯ ಉಪಕಾರವನ್ನು ನೆನಪಿಸಿದನು. ತಂದೆ ಬಿಟ್ಟುಹೋದ ಸೊಗಸಾದ ಮನೆಗಳೂ ಉಪವನಗಳೂ ಬೂದಿಯಾಗಿವೆ. ನೀವು ಬಿಟ್ಟದ್ದನ್ನು ಮೃಗದಂತೆ ಆಯ್ದುಕೊಳ್ಳದೆ ನನ್ನ ನೆಲದಲ್ಲೇ ನನಗೊಂದು ಊಟವಿಲ್ಲ. ಉಪಕಾರಕ್ಕೆ ಪ್ರತ್ಯುಪಕಾರ ಇದೇ ಏನು ಎಂದು ಕೇಳಿದನು. ಸ್ಪಾರ್ಟಾದವರು ನಾಚಿ ಮೌನವಾದರು. ಬಹಳ ಹೊತ್ತಿನ ಮೇಲೆ ಅಗೆಸಿಲಾಸನು, ಸಮ್ರಾಟನನ್ನು ತೊರೆದು ನಮ್ಮೊಡನೆ ಸೇರು, ಯಾರಿಗೂ ತಲೆಬಾಗದೆ ಬಾಳು ಎಂದು ಆಹ್ವಾನಿಸಿದನು. ಕ್ಷತ್ರಪನ ಉತ್ತರ ನೇರವಾಗಿತ್ತು: ಸಮ್ರಾಟನು ಬೇರೊಬ್ಬ ಸೇನಾಪತಿಯನ್ನು ಕಳುಹಿಸಿ ತನ್ನನ್ನು ಅವನ ಕೈಕೆಳಗೆ ಇಟ್ಟರೆ ನಿಮ್ಮವನಾಗುವೆ, ಸೇನಾಪತ್ಯವನ್ನು ತನಗೇ ಕೊಟ್ಟರೆ ಶಕ್ತಿಯಿರುವಷ್ಟು ನಿಮ್ಮೊಡನೆ ಹೋರಾಡುವೆ. ಅಗೆಸಿಲಾಸನು ಅವನ ಕೈಹಿಡಿದು ಮೆಚ್ಚಿ, ಆ ಪ್ರಾಂತದಿಂದ ಹೊರಟುಹೋದನು.

ಈ ಸಂಗತಿಯನ್ನು ಬರೆದವನು ಕ್ಸೆನೊಫನ್, ಅಗೆಸಿಲಾಸನ ಆಪ್ತಮಿತ್ರ. ಶತ್ರುಪಕ್ಷದ ಲೇಖನಿಯಿಂದಲೇ ಈ ಗೌರವ ಸಂದಿದೆ ಎಂಬುದು ಗಮನಾರ್ಹ.

ಕ್ಷತ್ರಪ ನುಡಿದಂತೆ ನಡೆದನು. ಕ್ರಿ.ಪೂ. 394ರಲ್ಲಿ ಅಥೆನ್ಸಿನ ಕೊನಾನನೊಡಗೂಡಿ ನೈಡಸ್ ಬಳಿ ಸ್ಪಾರ್ಟಾದ ನೌಕಾಬಲವನ್ನು ಮುರಿದನು. ಮರುವರ್ಷ ಅಥೆನ್ಸಿನ ಕೋಟೆಗೋಡೆಗಳನ್ನು ಮತ್ತೆ ಕಟ್ಟಲು ಹಣವಿತ್ತನು. ಸಮ್ರಾಟ ಅರ್ತಕ್ಸೆರ್ಕ್ಸಿಸನು ಅವನಿಗೆ ಮಗಳನ್ನೇ ಕೊಟ್ಟು ಮದುವೆ ಮಾಡಿದನು.

ಇಳಿವಯಸ್ಸಿನಲ್ಲಿ, ಕ್ರಿ.ಪೂ. 373ರ ಈಜಿಪ್ಟ್ ದಂಡಯಾತ್ರೆಯಲ್ಲಿ, ಈತನಿಗೆ ಸೋಲಾಯಿತು. ಅದರ ಸಿದ್ಧತೆ ವರ್ಷಗಟ್ಟಲೆ ಎಳೆದಾಗ ಗ್ರೀಕ್ ಸೇನಾನಿ ಇಫಿಕ್ರಾಟೀಸ್, ಮಾತಿನಲ್ಲಿ ಚುರುಕಾದ ನೀವು ಕೃತಿಯಲ್ಲೇಕೆ ನಿಧಾನ ಎಂದು ಕೇಳಿದನಂತೆ. ಮಾತು ತನ್ನದು, ಕೃತಿ ಸಮ್ರಾಟನದು ಎಂಬರ್ಥದ ಉತ್ತರವನ್ನು ಆತ ಕೊಟ್ಟನೆಂದು ಇತಿಹಾಸಕಾರ ಡಿಯೊಡೊರಸ್ ಬರೆಯುತ್ತಾನೆ. ಅನ್ಯರ ಅಧಿಕಾರವನ್ನು ಹೊತ್ತು ನಾಡನ್ನು ಆಳುವವನ ಹಿರಿಮೆಯೂ ಇಕ್ಕಟ್ಟೂ ಆ ಒಂದು ಉತ್ತರದಲ್ಲಿ ಅಡಗಿವೆ.