ವಿಹಾರಯಾತ್ರೆಗೆ ಯಾವ ಕಡಲು?

ನಮ್ಮ ಬಳಗಾನೂರಿನಲ್ಲಿ ನೆಲ್ಲಿನ ಕೊಯ್ಲು ಮುಗಿಯುತ್ತ ಬಂದಿತೆಂದರೆ ಊರಿಗೆ ಊರೇ ಒಮ್ಮೆ ಸೊಂಟ ನೆಟ್ಟಗೆ ಮಾಡಿಕೊಂಡು ನಿಂತಂತೆ ತೋರುತ್ತದೆ. ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರು ಕುಡಿದು ಬೆಳೆದ ಗದ್ದೆಗಳು ಬೋಳಾಗುತ್ತವೆ. ಎರೆಯ ಹೊಲಗಳಲ್ಲಿ ಬಿಳಿಜೋಳ ತೆನೆಗಟ್ಟುತ್ತಿರುತ್ತದೆ. ಇಂಥ ಬಿಡುವಿನ ಒಂದು ಸಂಜೆ ನೆರೆಮನೆಯ ರೈತ ದಂಪತಿಗಳು ನನ್ನಲ್ಲಿಗೆ ಬಂದರು. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಅವರ ಮಗ, ತಂದೆತಾಯಿಗಳನ್ನೂ ಎಂಬತ್ತರ ಹತ್ತಿರದ ಅಜ್ಜಿಯನ್ನೂ ಈ ಚಳಿಗಾಲದಲ್ಲಿ ಕಡಲಾಚೆಯ ಯಾವುದಾದರೊಂದು ದೇಶಕ್ಕೆ ಕರೆದೊಯ್ಯುವೆನೆಂದು ಮಾತು ಕೊಟ್ಟಿರುವನಂತೆ. ಪಾಸ್‌ಪೋರ್ಟುಗಳು ಕೈಗೆ ಬಂದಿವೆ. ಹಣ ಒಂದು ಸಲಕ್ಕೆ ಸಾಲುವಷ್ಟು ಕೂಡಿದೆ. ಎರಡನೆಯ ಸಲದ ಮಾತಿಲ್ಲ, ಅಜ್ಜಿಯ ವಯಸ್ಸನ್ನು ನೋಡಿದರೆ ಅದು ಇನ್ನೂ ಇಲ್ಲ.

“ಮಾಸ್ತರ್ರ, ನೀವು ಓದಿದವರು. ಒಬ್ಬರು ದುಬೈ ಅಂತಾರ, ಒಬ್ಬರು ಸಿಂಗಾಪುರ ಅಂತಾರ. ಎಲ್ಲಿಗೆ ಹೋದ್ರ ಚಲೋ?” ಎಂದರು ಯಜಮಾನರು.

ವಾಚಕರೆ, ಹಳೆಗನ್ನಡದ ಪಾಠ ಹೇಳಿ ಕೂದಲು ನರೆಸಿಕೊಂಡ ನನ್ನಂಥವನಿಗೆ ಈ ಪ್ರಶ್ನೆ ಒಗ್ಗತಕ್ಕದ್ದಲ್ಲ. ಆದರೂ ನಾನು ಎರಡು ದಿನದ ಅವಕಾಶ ಕೇಳಿದೆ. ಆ ಎರಡು ದಿನಗಳಲ್ಲಿ ನನ್ನ ಮನಸ್ಸಿನಲ್ಲಿ ಹಾದುಹೋದುದನ್ನೇ ತಮ್ಮ ಮುಂದಿಡುತ್ತಿದ್ದೇನೆ. ತಮ್ಮ ಮನೆಯಲ್ಲಿಯೂ ಇಂಥ ಮಾತು ಇಂದಲ್ಲ ನಾಳೆ ಬಂದೀತು.

ಚಳಿಗಾಲದಲ್ಲಿ ಊರು ಬಿಟ್ಟು ಬೆಚ್ಚನೆಯ ನಾಡಿಗೆ ಹೋಗುವ ವಾಡಿಕೆ ಹಿಮ ಬೀಳುವ ದೇಶದವರದು. ಅವರು ನಮ್ಮ ಗೋವೆಗೂ ಹಂಪೆಗೂ ಬರುವುದು ಇದಕ್ಕಾಗಿಯೇ. ರಾಯಚೂರು ಸೀಮೆಯ ನಮಗೆ ಬೇಸಗೆಯೇ ವೈರಿಯಲ್ಲದೆ ಚಳಿಗಾಲವು ವೈರಿಯಲ್ಲ. ವರ್ಷದಲ್ಲಿ ಮನೆಯ ಅಂಗಳ ಹಿತವಾಗಿರುವ ಕಾಲವೆಂದರೆ ಇದೊಂದೇ. ಚಳಿಗಾಲ ಎಂಬ ಮಾತಿಗೂ ಎಲ್ಲ ಕಡೆ ಒಂದೇ ಅರ್ಥವಿಲ್ಲ. 15ನೆಯ ಶತಮಾನದಲ್ಲಿ, 1470ರ ಆಸುಪಾಸಿನಲ್ಲಿ, ಬಹಮನಿ ಸುಲ್ತಾನರ ಬೀದರಿಗೆ ಬಂದಿದ್ದ ರಷ್ಯದ ವರ್ತಕ ಅಫನಾಸಿ ನಿಕಿತಿನ್, ಜುನ್ನರಿನಲ್ಲಿ ಮಳೆಗೆ ಸಿಕ್ಕಿಬಿದ್ದು, ಹಗಲಿರುಳು ನಾಲ್ಕು ತಿಂಗಳು ಎಲ್ಲೆಲ್ಲಿಯೂ ನೀರು, ಕೆಸರು ಎಂದು ಬರೆದು, ಅದನ್ನೇ ಈ ನಾಡಿನ ಚಳಿಗಾಲವೆಂದು ಕರೆದಿದ್ದಾನೆ! ಮನೆಯಲ್ಲಿ ಕೂಡುವಂತೆ ಮಾಡುವ ಕಾಲವೇ ಅವನ ಪಾಲಿಗೆ ಚಳಿಗಾಲ. ನಮ್ಮ ರಾಯಚೂರಿನ ವಜ್ರವನ್ನೂ ಅವನು ಮರೆಯದೆ ಹೆಸರಿಸಿದ್ದಾನೆ.

ಹಾಗಾದರೆ ನಮ್ಮ ಹಿಂದಿನವರು ಚಳಿಗಾಲದಲ್ಲಿ ಕಡಲು ಹತ್ತುತ್ತಿರಲಿಲ್ಲವೆ? ಹತ್ತುತ್ತಿದ್ದರು. ಆದರೆ ಚಳಿಗೆ ಹೆದರಿ ಅಲ್ಲ, ಗಾಳಿಯನ್ನು ನಂಬಿ. ಮುಂಗಾರಿನ ನೈಋತ್ಯದ ಗಾಳಿ ಅರಬಸ್ತಾನದ ಕಡೆಯಿಂದ ನಮ್ಮ ಕರಾವಳಿಗೆ ಹಡಗುಗಳನ್ನು ತಳ್ಳಿಕೊಂಡು ಬರುವುದು. ಅದರ ಅಬ್ಬರ ಹೆಚ್ಚಿದ ತಿಂಗಳುಗಳಲ್ಲಿ ಪಶ್ಚಿಮದ ರೇವುಗಳೆಲ್ಲ ಮುಚ್ಚಿರುತ್ತಿದ್ದವು. ಹಿಂಗಾರಿನಲ್ಲಿ ಗಾಳಿ ತಿರುಗಿ ಈಶಾನ್ಯದಿಂದ ಬೀಸತೊಡಗಿದರೆ ಅದೇ ಹಡಗುಗಳು ಏಡನ್, ಹೊರ್ಮುಜ್, ಆಫ್ರಿಕದ ಪೂರ್ವತೀರಗಳಿಗೆ ಹಾಯಿ ಬಿಚ್ಚುತ್ತಿದ್ದವು. ಕ್ರಿಸ್ತಶಕ ಒಂದನೆಯ ಶತಮಾನದ ರೋಮಿನ ಪ್ಲಿನಿ, ಭಾರತದಿಂದ ಹಿಂದಿರುಗುವವರು ಡಿಸೆಂಬರಿನಲ್ಲಿ, ತಡವಾದರೆ ಜನವರಿಯ ಮೊದಲ ಭಾಗದೊಳಗೆ ಹೊರಡಬೇಕೆಂದು ವರ್ತಕರಿಗೆ ಹೇಳುವ ರೀತಿಯಲ್ಲಿ ಬರೆದಿಟ್ಟಿದ್ದಾನೆ. ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನ ಗತಿ ನೋಡಿ. ಹೊರ್ಮುಜಿನಲ್ಲಿ ಹೊರಡುವ ಸಮಯ ತಪ್ಪಿ, ಮಸ್ಕತ್ತಿನ ಬೇಗೆಯಲ್ಲಿ ಬೆಂದು, ಕಾಯಿಲೆ ಬಿದ್ದು, ಬದುಕಿದ್ದೇ ಹೆಚ್ಚೆನ್ನುವಂತೆ 1442ರಲ್ಲಿ ಕಲ್ಲಿಕೋಟೆ ಸೇರಿದ. ಹಿಂದಿರುಗುವಾಗ ಬುದ್ಧಿ ಬಂದಿತ್ತು: 1443ರ ಡಿಸೆಂಬರಿನಲ್ಲಿ ವಿಜಯನಗರವನ್ನು ಬಿಟ್ಟು 1444ರ ಜನವರಿಯಲ್ಲಿ ಹೊನ್ನಾವರದಿಂದ ಹಡಗು ಹತ್ತಿದ. ಅಂದರೆ, ಎಲ್ಲಿಗೆ ಹೋಗಬೇಕೆಂಬುದನ್ನು ಆಗ ಯಾತ್ರಿಕನು ಆರಿಸುತ್ತಿರಲಿಲ್ಲ, ಗಾಳಿ ಆರಿಸುತ್ತಿತ್ತು.

ಇಂದು ವಿಮಾನಕ್ಕೆ ಅಂಥ ಹಂಗಿಲ್ಲ. ಹಂಗಿಲ್ಲದ್ದರಿಂದಲೇ ನೆರೆಮನೆಯವರಿಗೆ ಫಜೀತಿ ಬಂದದ್ದು.

ಇಷ್ಟಾದರೂ ಆ ಮನೆಯ ಅಜ್ಜಿ ಒಂದು ತಡೆ ಹಾಕಿದರು. “ಸಮುದ್ರ ದಾಟಿದ್ರ ಕುಲ ಕೆಡತೈತಿ ಅಂತಿದ್ರಪಾ ಹಿರೇರು” ಎಂದರು. ಅಜ್ಜಿ ಹೇಳಿದ್ದು ಕಟ್ಟುಕಥೆಯಲ್ಲ. ಬೌಧಾಯನ ಧರ್ಮಸೂತ್ರವು ಕುಲದಿಂದ ಜಾರಿಸುವ ಪಾಪಗಳನ್ನು ಎಣಿಸುವಾಗ ಸಮುದ್ರಯಾನವನ್ನೇ ಮೊದಲು ಇಟ್ಟಿದೆ. ಆದರೆ ಅದೇ ಗ್ರಂಥದ ಬೇರೊಂದು ಕಡೆ ಉತ್ತರದವರಲ್ಲಿ ರೂಢಿಯಾಗಿರುವ ನಡೆಗಳ ಪಟ್ಟಿಯಲ್ಲಿಯೂ ಸಮುದ್ರಯಾನ ಸೇರಿದೆ! ಬೇಡವೆನ್ನುವ ಮಾತು ಬರಬೇಕಾದರೆ ಹೋಗುವವರು ಇದ್ದಿರಲೇಬೇಕಷ್ಟೆ. ಇದನ್ನು ಹೇಳಿದಾಗ ಅಜ್ಜಿ ನಕ್ಕು, “ಹಂಗಾದ್ರ ನಂದೇನೂ ಅಡ್ಡಿಲ್ಲ” ಎಂದುಬಿಟ್ಟರು. ಅವರ ಮನಸ್ಸು ಮೊದಲೇ ಹೊರಟು ನಿಂತಿತ್ತೆಂದು ನನ್ನ ಗುಮಾನಿ.

ಇನ್ನು ನನ್ನ ಆಯ್ಕೆಯ ಮಾತು. ಅದಕ್ಕೆ ದಾರಿ ತೋರಿಸಿದ್ದು ನಮ್ಮ ಮಗ್ಗುಲಿನ ಮಸ್ಕಿಯೇ.

ಪ್ರವಾಸ, ಟೂರು ಎಂದು ನಾವು ಈಗ ಏನನ್ನು ಕರೆಯುತ್ತೇವೆಯೋ ಅದಕ್ಕೆ ಅಶೋಕನ ಕಾಲದಲ್ಲಿ ವಿಹಾರಯಾತ್ರೆ ಎಂಬ ಹೆಸರಿತ್ತು. ಅವನ ಎಂಟನೆಯ ಶಿಲಾಶಾಸನ ಈ ಪದವನ್ನು ಬಳಸುತ್ತದೆ. ಅದರ ಪ್ರತಿಗಳಲ್ಲಿ ನಮಗೆ ಹತ್ತಿರದ್ದು ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ. ಹಿಂದಿನ ಅರಸರು ವಿಹಾರಯಾತ್ರೆಗೆ ಹೋಗುತ್ತಿದ್ದರು, ಬೇಟೆ ಮೊದಲಾದ ವಿನೋದಗಳು ಅಲ್ಲಿರುತ್ತಿದ್ದವು. ತಾನಾದರೋ ಪಟ್ಟಾಭಿಷೇಕವಾಗಿ ಹತ್ತು ವರ್ಷಗಳಾದಾಗ ಬೋಧಿವೃಕ್ಷದ ಸ್ಥಳಕ್ಕೆ ಹೋದೆ, ಅಲ್ಲಿಂದ ಧರ್ಮಯಾತ್ರೆ ಮೊದಲಾಯಿತು ಎಂಬುದು ಅದರ ಅಭಿಪ್ರಾಯ. ಧರ್ಮಯಾತ್ರೆಯಲ್ಲಿ ಮಾಡತಕ್ಕದ್ದೇನು? ಶ್ರಮಣ ಬ್ರಾಹ್ಮಣರ ದರ್ಶನ, ದಾನ. ವೃದ್ಧರ ದರ್ಶನ, ಅವರಿಗೆ ಹೊನ್ನು. ಹಳ್ಳಿನಾಡಿನ ಜನರನ್ನು ಕಂಡು ಮಾತನಾಡುವುದು. ಇದರಿಂದ ತನಗೆ ಹೆಚ್ಚಿನ ಸಂತೋಷವಾಯಿತೆಂದೂ ಅರಸನು ಹೇಳಿಕೊಂಡಿದ್ದಾನೆ. ಸಂತೋಷ ಬೇಡವೆಂದು ಅವನೆಲ್ಲಿಯೂ ಹೇಳಲಿಲ್ಲ ಎಂಬುದನ್ನು ಗಮನಿಸಬೇಕು.

ಈ ಅರಸನಾರು ಎಂಬುದು ಬಹುಕಾಲ ಒಂದು ಒಗಟಾಗಿತ್ತು. ಶಾಸನಗಳಲ್ಲಿ ಕಾಣುತ್ತಿದ್ದುದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳೇ ಹೊರತು ಹೆಸರಲ್ಲ. 1837ರಲ್ಲಿ ಬ್ರಾಹ್ಮೀ ಅಕ್ಷರಗಳನ್ನು ಬಿಡಿಸಿದ ಜೇಮ್ಸ್ ಪ್ರಿನ್ಸೆಪ್ ಮೊದಲಿಗೆ ಈತನು ಲಂಕೆಯ ಅರಸನಿರಬೇಕೆಂದು ಎಣಿಸಿದ. ಏಕೆಂದರೆ ಲಂಕೆಯ ಚರಿತ್ರೆಯಲ್ಲಿ ದೇವಾನಾಂಪಿಯ ತಿಸ್ಸನೆಂಬ ಅರಸನಿದ್ದಾನೆ. ಆಗ ಲಂಕೆಯಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್, ಅಲ್ಲಿನ ಪಾಲಿ ಗ್ರಂಥವಾದ ದೀಪವಂಸದಲ್ಲಿ ಪ್ರಿಯದರ್ಶಿ ಎಂಬುದು ಅಶೋಕನಿಗೇ ಸಲ್ಲುವ ಹೆಸರೆಂದು ತೋರಿಸಿಕೊಟ್ಟ. ಗ್ರಂಥವೇನೋ ಹೇಳಿತು, ಕಲ್ಲು ಹೇಳಬೇಡವೆ? 1915ರಲ್ಲಿ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಬೀಡನ್ ಎಂಬವರ ಕಣ್ಣಿಗೆ ಮಸ್ಕಿಯ ಬಂಡೆಯ ಬರಹ ಬಿದ್ದಿತು. ಅದರ ಮೊದಲಿನಲ್ಲಿಯೇ ದೇವಾನಾಂಪಿಯ ಎಂಬುದರ ಜೊತೆಗೆ ಅಶೋಕ ಎಂಬ ಹೆಸರು ಸ್ಪಷ್ಟವಾಗಿತ್ತು. ಲಂಕೆಯ ಓಲೆಗರಿಯ ಮಾತಿಗೆ ನಮ್ಮ ಮಸ್ಕಿಯ ಕಲ್ಲು ಸಾಕ್ಷಿ ನುಡಿಯಿತು.

ಆದ್ದರಿಂದ ನಾನು ನೆರೆಮನೆಯವರಿಗೆ ಸೂಚಿಸಿದ ದೇಶ ಲಂಕೆ.

ಲಂಕೆಯ ಮಹಾವಂಸದಲ್ಲಿ ಒಂದು ಚಳಿಗಾಲದ ಕಡಲಯಾನವಿದೆ. ಅಶೋಕನ ಮಗಳು ಸಂಘಮಿತ್ತೆ ಬೋಧಿವೃಕ್ಷದ ಕೊಂಬೆಯೊಂದನ್ನು ಹಡಗಿನಲ್ಲಿಟ್ಟುಕೊಂಡು ತಾಮ್ರಲಿಪ್ತಿಯಿಂದ ಮಾರ್ಗಶಿರ ಮಾಸದಲ್ಲಿ ಹೊರಟು ಲಂಕೆಯ ಜಂಬುಕೋಲ ರೇವಿಗೆ ಬಂದಳಂತೆ; ಅದನ್ನು ಎದುರುಗೊಳ್ಳಲು ಅರಸ ತಿಸ್ಸನು ಕೊರಳುದ್ದ ನೀರಿಗೆ ಇಳಿದನಂತೆ. ಕಥೆಯಲ್ಲಿ ಪವಾಡಗಳು ಬೇಕಾದಷ್ಟಿವೆ. ಆದರೆ ತಿಂಗಳನ್ನು ನೋಡಿ: ಬಂಗಾಳದ ಕಡಲಿನಲ್ಲಿ ಈಶಾನ್ಯದ ಗಾಳಿ ಹಡಗನ್ನು ದಕ್ಷಿಣಕ್ಕೆ ತಳ್ಳುವ ಕಾಲವೇ ಅದು. ಇಂದಿಗೂ ಲಂಕೆಯವರು ಡಿಸೆಂಬರಿನ ಹುಣ್ಣಿಮೆಯನ್ನು ಉಂದುವಪ್ ಎಂಬ ಹೆಸರಿನಿಂದ ಸಂಘಮಿತ್ತೆಯ ನೆನಪಿಗೆ ಆಚರಿಸುತ್ತಾರೆ. ಅನುರಾಧಪುರದಲ್ಲಿ ಆ ಬೋಧಿಯನ್ನು ಇಂದಿಗೂ ಕಾಣಬಹುದು.

ಕನ್ನಡಿಗರಿಗೂ ಲಂಕೆಗೂ ಬೇರೆ ನಂಟೂ ಉಂಟು, ಅದರಲ್ಲೊಂದು ನೋವಿನದು. 11ನೆಯ ಶತಮಾನದಲ್ಲಿ ಪೊಲನ್ನರುವದಲ್ಲಿ ಒಂದನೆಯ ವಿಜಯಬಾಹು ಆಳುತ್ತಿದ್ದಾಗ ಕರ್ಣಾಟದ ಅರಸನ ದೂತರೂ ಚೋಳನ ದೂತರೂ ಕಾಣಿಕೆಗಳನ್ನು ತಂದರೆಂದು ಚೂಳವಂಸ ಹೇಳುತ್ತದೆ. ಆ ಕರ್ಣಾಟದ ಅರಸನು ಕಲ್ಯಾಣದ ಆರನೆಯ ವಿಕ್ರಮಾದಿತ್ಯನೆಂದು ಇತಿಹಾಸಕಾರರು ಗುರುತಿಸಿದ್ದಾರೆ. ವಿಜಯಬಾಹು ಇಬ್ಬರನ್ನೂ ಸತ್ಕರಿಸಿ, ಕರ್ಣಾಟದವರ ಜೊತೆಯಲ್ಲಿ ತನ್ನ ದೂತರನ್ನೂ ಉಡುಗೊರೆಗಳೊಡನೆ ಕಳುಹಿಸಿದ. ನಡುವಿನ ಚೋಳನಾಡಿನಲ್ಲಿ ಆ ಸಿಂಹಳದ ದೂತರ ಕಿವಿಮೂಗುಗಳನ್ನು ಕೊಯ್ದು ಹಿಂದಕ್ಕಟ್ಟಿದರು. ವಿಜಯಬಾಹು ಕೆರಳಿ ಯುದ್ಧಕ್ಕೆ ಅಣಿಯಾದ. ಕಲ್ಯಾಣದ ಅರಮನೆಯನ್ನು ಕಾಣಹೊರಟ ಆ ಬಡಪಾಯಿಗಳ ಹೆಸರನ್ನು ಯಾರೂ ಬರೆದಿಡಲಿಲ್ಲ. ಅರಸರ ಹಟಕ್ಕೆ ಮೂಗು ಕೊಟ್ಟವರು ಅವರು. ಕಲ್ಯಾಣದಿಂದ ಪೊಲನ್ನರುವಕ್ಕೆ ಇದ್ದ ದಾರಿ ಅಂದು ಅಷ್ಟು ಕಠಿಣ; ಇಂದು ಬೆಂಗಳೂರಿನಿಂದ ಕೊಲಂಬೋಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಎಂಬತ್ತರ ಅಜ್ಜಿಯ ಮೊಣಕಾಲಿಗೆ ಇದೂ ಒಂದು ದೊಡ್ಡ ಸಂಗತಿಯೇ.

ಯಜಮಾನರು ಎಲ್ಲವನ್ನೂ ಕೇಳಿ, “ಡಿಸೆಂಬರಿನ್ಯಾಗ ಹೋಗೋದೇನ್ರಿ?” ಎಂದರು. ಬೇಡವೆಂದೆ. ಸಂಘಮಿತ್ತೆಯ ಹಡಗನ್ನು ತಳ್ಳಿದ ಗಾಳಿಯೇ ಲಂಕೆಯ ಉತ್ತರಕ್ಕೂ ಪೂರ್ವಕ್ಕೂ ಮಳೆ ತರುತ್ತದೆ. ಡಿಸೆಂಬರಿನಲ್ಲಿ ಅನುರಾಧಪುರ, ಪೊಲನ್ನರುವಗಳಲ್ಲಿ ಕೊಡೆ ಹಿಡಿದೇ ತಿರುಗಬೇಕಾದೀತು. ಆ ವೇಳೆಗೆ ಒಣಗಿ ಹಿತವಾಗಿರುವುದು ದಕ್ಷಿಣ, ಪಶ್ಚಿಮದ ತೀರ. ಹಳೆಯ ರಾಜಧಾನಿಗಳನ್ನು ನೋಡಬೇಕಾದವರಿಗೆ ಫೆಬ್ರವರಿ ಲೇಸು. ನನ್ನ ಮಾತಿಗೆ ಅಜ್ಜಿಯೇ ಮೊದಲು ತಲೆಯಾಡಿಸಿದರು. ಅವರ ಲೆಕ್ಕ ಬೇರೆಯಿತ್ತು. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಚರಗ ಚೆಲ್ಲದೆ ಅವರು ಎಲ್ಲಿಗೂ ಹೊರಡುವವರಲ್ಲ. ಆಮೇಲೆ ಸೀತನಿಯ ಕಾಲ, ಮೊಮ್ಮಕ್ಕಳು ಬರುವರು. ಅದೆಲ್ಲ ಮುಗಿಯುವ ಹೊತ್ತಿಗೆ ಫೆಬ್ರವರಿಯೇ ಆಗುವುದು.

ಹೊರಡುವಾಗ ಅಜ್ಜಿ ಬಾಗಿಲಲ್ಲಿ ನಿಂತು, ಆ ಅಶೋಕನ ಹೆಸರಿರುವ ಕಲ್ಲು ನಿಜವಾಗಿ ಮಸ್ಕಿಯಲ್ಲಿದೆಯೆ ಎಂದು ಕೇಳಿದರು. ಇಷ್ಟು ಹತ್ತಿರದಲ್ಲಿದ್ದೂ ಅವರು ಅದನ್ನು ಕಂಡಿರಲಿಲ್ಲ. ಆ ಮನೆಯವರು ಯಾರೂ ಕಂಡಿರಲಿಲ್ಲ. ಅಲ್ಪನಾದವನೂ ಧರ್ಮದಲ್ಲಿ ತೊಡಗಿದರೆ ಹಿರಿದನ್ನು ಪಡೆಯಬಲ್ಲ, ಅದು ದೊಡ್ಡವರ ಸೊತ್ತಲ್ಲ ಎಂಬ ಅಭಿಪ್ರಾಯ ಆ ಕಲ್ಲಿನಲ್ಲಿದೆ ಎಂದು ತಿಳಿಸಿದೆ. ಬರುವ ಭಾನುವಾರ ಎಲ್ಲರೂ ಮಸ್ಕಿಗೆ ಹೋಗುವುದೆಂದು ನಿಶ್ಚಯವಾಯಿತು. ಓದಿ ಹೇಳುವ ಕೆಲಸ ನನ್ನದು, ಬುತ್ತಿ ಅಜ್ಜಿಯದು.