ಬಂಡೀಪುರ ಪ್ರದೇಶದ ಕಾಳ್ಗಿಚ್ಚು: ಕಾಡಂಚಿನ ಗ್ರಾಮಸ್ಥರು, ಪ್ರವಾಸಿಗರು ಹಾಗೂ ಅರ್ಜಿದಾರರ ಮಾಹಿತಿಗಾಗಿ

ಕರ್ನಾಟಕದ ಒಣ ಎಲೆಯುದುರುವ ಕಾಡುಗಳಲ್ಲಿ ಫೆಬ್ರವರಿಯಿಂದ ಮೇ ತಿಂಗಳವರೆಗಿನ ಅವಧಿಯನ್ನು ಬೆಂಕಿ ಋತುವೆಂದು ಪರಿಗಣಿಸಲಾಗುತ್ತದೆ. ಸದರಿ ಅವಧಿಯಲ್ಲಿ ಬೆಂಕಿ ಹೇಗೆ ಹುಟ್ಟುತ್ತದೆ, ಹೇಗೆ ಹಬ್ಬುತ್ತದೆ, ಅದನ್ನು ಕಂಡವರು ಮಾಡಬೇಕಾದುದೇನು, ಹಾನಿಗೊಳಗಾದವರು ಎಲ್ಲಿ ಅರ್ಜಿ ಸಲ್ಲಿಸಬೇಕು ಎಂಬ ವಿವರಗಳನ್ನು ಇಲ್ಲಿ ನೀಡಲಾಗಿದೆ. ಉದಾಹರಣೆಗಾಗಿ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶವನ್ನು, ಅದರಲ್ಲಿಯೂ 2019ರ ಬೆಂಕಿಯನ್ನು ತೆಗೆದುಕೊಳ್ಳಲಾಗಿದೆ. ಸಾಮಾನ್ಯ ಮಾಹಿತಿಯು ನಾಗರಹೊಳೆ, ಬಿಳಿಗಿರಿರಂಗನಬೆಟ್ಟ, ಮಲೆ ಮಹದೇಶ್ವರ ಬೆಟ್ಟ ಮುಂತಾದ ಒಣ ಕಾಡುಗಳ ಅಂಚಿನಲ್ಲಿ ವಾಸಿಸುವವರಿಗೂ ಅನ್ವಯಿಸುತ್ತದೆ.

2019ರ ಫೆಬ್ರವರಿ

ಬಂಡೀಪುರವು ಚಾಮರಾಜನಗರ ಮತ್ತು ಮೈಸೂರು ಜಿಲ್ಲೆಗಳಲ್ಲಿ ಹರಡಿಕೊಂಡಿದೆ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ದೇಶದಲ್ಲಿ ಮೊದಲಿಗೆ ಆಯ್ಕೆಯಾದ ಒಂಬತ್ತು ಪ್ರದೇಶಗಳಲ್ಲಿ ಇದೂ ಒಂದು. ಕೇರಳದ ವಯನಾಡು, ತಮಿಳುನಾಡಿನ ಮುದುಮಲೈ ಹಾಗೂ ನಮ್ಮ ನಾಗರಹೊಳೆ ಕಾಡುಗಳೊಂದಿಗೆ ಇದು ಬೆಸೆದುಕೊಂಡಿರುವುದರಿಂದ ಇಲ್ಲಿ ಹೊತ್ತಿದ ಬೆಂಕಿಗೆ ರಾಜ್ಯದ ಗಡಿ ಅಡ್ಡಬರುವುದಿಲ್ಲ.

2018ರ ಮುಂಗಾರು ಈ ಭಾಗದಲ್ಲಿ ಚೆನ್ನಾಗಿ ಸುರಿದು ಹುಲ್ಲು, ಪೊದೆಗಳು ಹುಲುಸಾಗಿ ಬೆಳೆದಿದ್ದವು. ಹಿಂಗಾರು ಕೈಕೊಟ್ಟಿತು. ಬೆಳೆದುದೆಲ್ಲವೂ ಜನವರಿ ಮುಗಿಯುವಷ್ಟರಲ್ಲಿ ಒಣಗಿ ನಿಂತಿತು. ಮಳೆ ಕಡಿಮೆಯಾದ ವರ್ಷದಲ್ಲಿ ಮಾತ್ರ ಬೆಂಕಿಯ ಭಯವೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ, ಒಳ್ಳೆಯ ಮುಂಗಾರಿನ ಬೆನ್ನಿಗೆ ಹಿಂಗಾರು ಸೋತ ವರ್ಷವೇ ಹೆಚ್ಚು ಅಪಾಯಕಾರಿ.

ಫೆಬ್ರವರಿ 21ರ ಸುಮಾರಿಗೆ ಕಾಣಿಸಿಕೊಂಡ ಬೆಂಕಿಯು ಗೋಪಾಲಸ್ವಾಮಿ ಬೆಟ್ಟ ವಲಯವನ್ನು ಆವರಿಸಿತು. ಗಾಳಿಯ ರಭಸಕ್ಕೆ ಒಂದು ಕಡೆ ಆರಿಸಿದ ಬೆಂಕಿ ಮತ್ತೊಂದು ಕಡೆ ಎದ್ದಿತು. ಮೈಸೂರು–ಊಟಿ ಹೆದ್ದಾರಿಯಲ್ಲಿ ಸಂಚಾರವನ್ನು ತಡೆಯಬೇಕಾಯಿತು; ಸಫಾರಿಯನ್ನು ನಿಲ್ಲಿಸಲಾಯಿತು. ಫೆಬ್ರವರಿ 25ರಂದು ಭಾರತೀಯ ವಾಯುಪಡೆಯ ಹೆಲಿಕಾಪ್ಟರುಗಳು ತೂಗುಹಾಕಿದ ಬೃಹತ್ ಬಕೆಟುಗಳಲ್ಲಿ ನೀರು ತಂದು ಸುರಿದವು. ಬೆಂಕಿ ಹತೋಟಿಗೆ ಬರುವಷ್ಟರಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತ್ತು. ಅದೇ ವಾರ, ಫೆಬ್ರವರಿ 23ರಂದು, ಬೆಂಗಳೂರಿನ ಯಲಹಂಕ ವಾಯುನೆಲೆಯ ವೈಮಾನಿಕ ಪ್ರದರ್ಶನದ ವಾಹನ ನಿಲುಗಡೆ ಸ್ಥಳದಲ್ಲಿ ಒಣಹುಲ್ಲು ಹೊತ್ತಿಕೊಂಡು ಸುಮಾರು 300 ಕಾರುಗಳು ಸುಟ್ಟುಹೋದುದನ್ನು ಓದುಗರು ನೆನಪಿಸಿಕೊಳ್ಳಬಹುದು. ಒಣಹುಲ್ಲಿಗೆ ಕಾಡು, ನಗರವೆಂಬ ಭೇದವಿಲ್ಲ.

ಆ ದಿನಗಳಲ್ಲಿ ಸುಟ್ಟು ಕರಕಲಾದ ಪ್ರಾಣಿಗಳ ಚಿತ್ರಗಳು ಬಂಡೀಪುರದವೆಂದು ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡಿದವು. ಅವುಗಳಲ್ಲಿ ಹಲವು ಬೇರೆ ದೇಶಗಳ ಹಳೆಯ ಚಿತ್ರಗಳಾಗಿದ್ದವು. ಆನೆ, ಹುಲಿ, ಕಾಟಿ, ಜಿಂಕೆಗಳಂತಹ ದೊಡ್ಡ ಪ್ರಾಣಿಗಳು ಸಾಮಾನ್ಯವಾಗಿ ಬೆಂಕಿಯ ದಾರಿ ಬಿಟ್ಟು ದೂರ ಸರಿಯುತ್ತವೆ. ನಿಜವಾದ ನಷ್ಟ ಛಾಯಾಚಿತ್ರದಲ್ಲಿ ಕಾಣುವಂಥದ್ದಲ್ಲ: ಹಾವು, ಓತಿಕ್ಯಾತ, ಆಮೆ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ ಮರಿ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ, ಮುಂದೆ ಮರವಾಗಬೇಕಿದ್ದ ಸಸಿಗಳು.

ಕಾಡು ಉರಿಯುವ ಬಗೆ

ಮತ್ತಿ, ದಿಂಡಿಗ, ತೇಗ, ಹೊನ್ನೆ ಮೊದಲಾದ ಮರಗಳು ಬೇಸಿಗೆಯಲ್ಲಿ ನೀರನ್ನು ಉಳಿಸಿಕೊಳ್ಳಲು ಎಲೆ ಉದುರಿಸುತ್ತವೆ. ನೆಲದ ಮೇಲೆ ತರಗೆಲೆಯ ಹಾಸು ಬೀಳುತ್ತದೆ. ಬಿಸಿಲು ನೇರವಾಗಿ ನೆಲಕ್ಕೆ ತಾಗಿ ಅದನ್ನು ಮತ್ತಷ್ಟು ಒಣಗಿಸುತ್ತದೆ. ಬಲಿತ ಮರಗಳ ತೊಗಟೆ ದಪ್ಪವಾಗಿರುವುದರಿಂದ, ತರಗು ಮತ್ತು ಹುಲ್ಲು ಮಾತ್ರ ಉರಿದು ಬೇಗನೆ ಮುಂದೆ ಸಾಗುವ ಬೆಂಕಿಯನ್ನು ಅವು ತಾಳಿಕೊಳ್ಳಬಲ್ಲವು.

ಈ ಲೆಕ್ಕವನ್ನು ತಪ್ಪಿಸಿರುವುದು ಲಂಟಾನ. ಅಮೆರಿಕ ಖಂಡದ ಉಷ್ಣ ಪ್ರದೇಶಗಳಿಂದ ಅಲಂಕಾರಕ್ಕೆಂದು ಭಾರತಕ್ಕೆ ತರಲಾದ ಈ ಪೊದೆಯು ಬಂಡೀಪುರದ ಬಹುಭಾಗದಲ್ಲಿ ಆಳೆತ್ತರಕ್ಕೂ ಮೀರಿ ಬೆಳೆದಿದೆ. ಬೇಸಿಗೆಯಲ್ಲಿ ಇದರ ಸಣ್ಣ ಕಡ್ಡಿಗಳು ಸೌದೆಯಂತೆ ಒಣಗಿ ನಿಲ್ಲುತ್ತವೆ. ಹುಲ್ಲಿನ ಬೆಂಕಿ ನಿಮಿಷಗಳಲ್ಲಿ ದಾಟಿಹೋಗುವ ಜಾಗದಲ್ಲಿ ಲಂಟಾನದ ಬೆಂಕಿ ನಿಂತು ಉರಿಯುತ್ತದೆ. ಪೊದೆಯನ್ನೇ ಏಣಿಯಾಗಿಸಿಕೊಂಡು ಮರದ ಕೊಂಬೆಗೆ ಏರುತ್ತದೆ. ಬೆಂಕಿಯ ನಂತರ ಮೊದಲು ಚಿಗುರುವ ಗಿಡಗಳಲ್ಲಿಯೂ ಲಂಟಾನವೇ ಇರುತ್ತದೆ. ಹೀಗಾಗಿ ಪ್ರತಿ ದೊಡ್ಡ ಬೆಂಕಿಯೂ ಮುಂದಿನ ಬೆಂಕಿಗೆ ಸೌದೆ ಕೂಡಿಡುತ್ತದೆ. ಸಾಮೂಹಿಕವಾಗಿ ಹೂಬಿಟ್ಟು ಸತ್ತ ಬಿದಿರು ಮೆಳೆಗಳೂ ಇದೇ ರೀತಿಯ ಇಂಧನ.

ಬೆಂಕಿಯ ಮೂಲ

ಬಿದಿರು ಬಿದಿರಿಗೆ ಉಜ್ಜಿ ಬೆಂಕಿ ಹುಟ್ಟುತ್ತದೆಂಬ ಮಾತು ನಮ್ಮ ಹಳ್ಳಿಗಳಲ್ಲಿ, ಪಠ್ಯಪುಸ್ತಕಗಳಲ್ಲಿಯೂ, ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಇದನ್ನು ನಂಬಲು ಆಧಾರವಿಲ್ಲ. ಸಿಡಿಲಿನಿಂದ ಬೆಂಕಿ ಹೊತ್ತುವುದು ಸಾಧ್ಯವಾದರೂ, ಈ ಪ್ರದೇಶದಲ್ಲಿ ಸಿಡಿಲು ಬರುವುದು ಹೆಚ್ಚಾಗಿ ಏಪ್ರಿಲ್–ಮೇ ತಿಂಗಳ ಮಳೆಯ ಜೊತೆಯಲ್ಲಿ. ಫೆಬ್ರವರಿಯ ನಿರಭ್ರ ಆಕಾಶದ ಕೆಳಗೆ ಹೊತ್ತಿದ ಬೆಂಕಿಯ ಹಿಂದೆ ಬಹುತೇಕ ಎಲ್ಲ ಸಂದರ್ಭಗಳಲ್ಲಿಯೂ ಮನುಷ್ಯನ ಕೈ ಇರುತ್ತದೆ.

ಆ ಕೈ ಯಾವಾಗಲೂ ದುರುದ್ದೇಶದ್ದೆಂದು ಹೇಳಲಾಗದು. ಹೊಲದ ಬದುವಿನ ಕಸಕ್ಕೆ ಹಚ್ಚಿದ ಬೆಂಕಿ ಗಾಳಿಗೆ ಕಾಡು ಸೇರುವುದುಂಟು. ಹೊಸ ಹುಲ್ಲು ಬೇಗ ಚಿಗುರಲೆಂದು ದನಗಾಹಿಗಳು ಹಚ್ಚುವುದುಂಟು. ಉದುರಿದ ಜಿಂಕೆ ಕೊಂಬುಗಳು ಕಣ್ಣಿಗೆ ಬೀಳಲೆಂದು, ಕಳ್ಳಬೇಟೆಯ ಜಾಡು ಮುಚ್ಚಲೆಂದು ಹಚ್ಚುವವರೂ ಇದ್ದಾರೆ. ಹೆದ್ದಾರಿಯಲ್ಲಿ ವಾಹನದಿಂದ ಎಸೆದ ಬೀಡಿ, ಸಿಗರೇಟು ತುಂಡು, ರಸ್ತೆ ಬದಿ ಅಡುಗೆ ಮಾಡಿ ಬಿಟ್ಟುಹೋದ ಒಲೆ, ಇವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಕಾರಣವನ್ನು ಇಂತಹ ಮಾಹಿತಿಯಲ್ಲಿ ಸಾಮಾನ್ಯವಾಗಿ ಬರೆಯುವುದಿಲ್ಲ. ಆದರೆ ಬರೆಯದಿದ್ದರೆ ಮಾಹಿತಿ ಅಪೂರ್ಣವಾಗುತ್ತದೆ. ಆನೆ ತುಳಿದ ಬೆಳೆಗೆ, ಹುಲಿ ಹಿಡಿದ ಹಸುವಿಗೆ ಪರಿಹಾರ ತಡವಾದಾಗ ಕಾಡಂಚಿನ ರೈತನಲ್ಲಿ ಹುಟ್ಟುವ ಸಿಟ್ಟು ಕೆಲವೊಮ್ಮೆ ಬೆಂಕಿಕಡ್ಡಿಯ ರೂಪ ತಾಳುತ್ತದೆ. ಇದು ಅಪರಾಧವೇ ಸರಿ. ಆದಾಗ್ಯೂ ಪರಿಹಾರದ ಅರ್ಜಿಯನ್ನು ಸಕಾಲದಲ್ಲಿ ವಿಲೇವಾರಿ ಮಾಡುವುದು ಬೆಂಕಿ ತಡೆಯ ಕೆಲಸವೂ ಹೌದು.

ಬೆಂಕಿ ರೇಖೆ ಮತ್ತು ಬೆಂಕಿ ಕಾವಲು

ಬೆಂಕಿಗೆ ಸುಡಲು ಏನೂ ಸಿಗದಂತೆ ಮಾಡಿದ ಪಟ್ಟಿಯೇ ಬೆಂಕಿ ರೇಖೆ. ಮಳೆಗಾಲ ಮುಗಿದ ಮೇಲೆ ಕಾಡಿನ ಗಡಿ, ರಸ್ತೆ, ವಲಯಗಳ ಎಲ್ಲೆಯುದ್ದಕ್ಕೂ ಹುಲ್ಲು ಪೊದೆಗಳನ್ನು ಸವರಿ, ಒಣಗಲು ಬಿಟ್ಟು, ಗಾಳಿಯಿಲ್ಲದ ತಂಪು ಹೊತ್ತಿನಲ್ಲಿ ಸಿಬ್ಬಂದಿಯ ಎದುರಿನಲ್ಲಿಯೇ ಸುಡಲಾಗುತ್ತದೆ. ಜನವರಿಯಲ್ಲಿ ರಸ್ತೆ ಬದಿಯಲ್ಲಿ ಇಂತಹ ಸುಟ್ಟ ಪಟ್ಟಿಗಳನ್ನು ಕಂಡ ಪ್ರವಾಸಿಗರು ಗಾಬರಿಪಡಬೇಕಾಗಿಲ್ಲ.

ಬೆಂಕಿ ಋತುವಿನಲ್ಲಿ ಸ್ಥಳೀಯ ಗ್ರಾಮ ಹಾಗೂ ಹಾಡಿಗಳ ಜನರನ್ನು ತಾತ್ಕಾಲಿಕವಾಗಿ ಬೆಂಕಿ ಕಾವಲುಗಾರರನ್ನಾಗಿ ತೆಗೆದುಕೊಳ್ಳಲಾಗುತ್ತದೆ. ಜೇನುಕುರುಬ, ಬೆಟ್ಟಕುರುಬ, ಸೋಲಿಗ ಸಮುದಾಯದವರಿಗೆ ಇರುವ ಕಾಡಿನ ಪರಿಚಯಕ್ಕೆ ಯಾವ ನಕ್ಷೆಯೂ ಸಮನಲ್ಲ. ಬೆಂಕಿಯನ್ನು ಎದುರಿಸುವ ಆಯುಧ ಇಂದಿಗೂ ಬಹುಮಟ್ಟಿಗೆ ಹಸಿ ಸೊಪ್ಪಿನ ಕೊಂಬೆಯೇ. ಅದರಿಂದ ಬಡಿದು ಬೆಂಕಿಯ ಅಂಚನ್ನು ಆರಿಸಲಾಗುತ್ತದೆ; ಅದು ಸಾಧ್ಯವಾಗದಿದ್ದಲ್ಲಿ ಮುಂದಿನ ರೇಖೆಯಿಂದ ಎದುರು ಬೆಂಕಿ ಕೊಟ್ಟು ನಡುವಿನ ಇಂಧನವನ್ನು ಮೊದಲೇ ಸುಡಲಾಗುತ್ತದೆ. ಗಾಳಿ ದಿಕ್ಕು ಬದಲಿಸಿದರೆ ಆರಿಸುವವನೇ ಬೆಂಕಿಯ ನಡುವೆ ಸಿಲುಕುತ್ತಾನೆ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. 2023ರ ಫೆಬ್ರವರಿಯಲ್ಲಿ ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನಲ್ಲಿ ಮತ್ತೊಬ್ಬರು ಸುಟ್ಟಗಾಯಗಳಿಂದ ಮೃತಪಟ್ಟರು. ಹೊಲದ ಬದುವಿನಲ್ಲಿ ಕಡ್ಡಿ ಗೀರುವ ಮುನ್ನ ಈ ಎರಡು ಸಾವುಗಳನ್ನು ನೆನೆಯುವುದು ಒಳಿತು.

ತರಗು ಬೆಂಕಿ

ಬಿಳಿಗಿರಿರಂಗನಬೆಟ್ಟದ ಸೋಲಿಗರಲ್ಲಿ ತರಗು ಬೆಂಕಿ ಎಂಬ ಪದ್ಧತಿಯಿತ್ತು. ತರಗು ಇನ್ನೂ ತೆಳುವಾಗಿ, ನೆಲದಲ್ಲಿ ತುಸು ತೇವವಿರುವಾಗಲೇ ಸಣ್ಣದಾಗಿ ಸುಟ್ಟು, ಬೇಸಿಗೆಯಲ್ಲಿ ದೊಡ್ಡ ಬೆಂಕಿ ಏಳದಂತೆ ನೋಡಿಕೊಳ್ಳುತ್ತಿದ್ದರು. 1974ರಲ್ಲಿ ಅಭಯಾರಣ್ಯ ಘೋಷಣೆಯಾದ ನಂತರ ಇದು ನಿಂತಿತು. ಲಂಟಾನ ಹಬ್ಬಿದ್ದು ಆಮೇಲೆಯೇ ಎಂಬುದು ಸೋಲಿಗ ಹಿರಿಯರ ಅಭಿಪ್ರಾಯ. ಸಂಶೋಧಕರಲ್ಲಿ ಈ ಬಗ್ಗೆ ಚರ್ಚೆ ನಡೆದಿದೆ. ಹಿರಿಯರ ಮಾತನ್ನು ಕೇವಲ ಹಳೆಯ ನಂಬಿಕೆಯೆಂದು ತಳ್ಳಿಹಾಕುವುದು ಸರಿಯಲ್ಲ. ಆದರೆ ಲಂಟಾನ ತುಂಬಿದ ಇಂದಿನ ಕಾಡಿನಲ್ಲಿ ಅಂದಿನ ಸಣ್ಣ ಬೆಂಕಿ ಸಣ್ಣದಾಗಿಯೇ ಉಳಿಯುವುದಿಲ್ಲ. ಕಾನೂನಿನಲ್ಲಿಯೂ ಯಾವ ವ್ಯಕ್ತಿಗೂ ಸ್ವಂತವಾಗಿ ಇದನ್ನು ಮಾಡಲು ಅವಕಾಶವಿಲ್ಲ.

ಬೆಂಕಿ ಕಂಡವರು ಮಾಡತಕ್ಕದ್ದು

ಹೊಗೆ ಕಂಡ ಕೂಡಲೇ ಅರಣ್ಯ ಸಹಾಯವಾಣಿ 1926ಕ್ಕೆ ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡತಕ್ಕದ್ದು. ಸಮೀಪದ ಗಸ್ತು ಅರಣ್ಯ ಪಾಲಕರಿಗೆ, ಕಳ್ಳಬೇಟೆ ತಡೆ ಶಿಬಿರಕ್ಕೆ ಅಥವಾ ವಲಯ ಅರಣ್ಯಾಧಿಕಾರಿಯವರ ಕಚೇರಿಗೂ ತಿಳಿಸಬಹುದು. ಹೊಗೆ ಏಳುತ್ತಿರುವ ಜಾಗವನ್ನು ಹತ್ತಿರದ ಕೆರೆ, ಗುಡ್ಡ, ದೇವಸ್ಥಾನ ಅಥವಾ ರಸ್ತೆಯ ಕಿಲೋಮೀಟರ್ ಕಲ್ಲಿನ ಗುರುತಿನಿಂದ ಹೇಳಿದರೆ ಸಿಬ್ಬಂದಿ ಬೇಗ ತಲುಪಲು ಅನುಕೂಲವಾಗುತ್ತದೆ.

ಉಪಗ್ರಹ ಇರುವಾಗ ನಾವೇಕೆ ಹೇಳಬೇಕು ಎಂದು ಕೇಳುವವರಿದ್ದಾರೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯು 2004ರಿಂದ ಉಪಗ್ರಹ ಆಧಾರಿತ ಬೆಂಕಿ ಸೂಚನೆಗಳನ್ನು ರಾಜ್ಯಗಳಿಗೆ ಕಳುಹಿಸುತ್ತಿದೆ. ಮೊದಲು ಬಳಸಿದ ಉಪಕರಣವು ನೆಲವನ್ನು 1 ಕಿ.ಮೀ. ಅಳತೆಯ ಚೌಕಗಳಲ್ಲಿ ನೋಡುತ್ತಿತ್ತು; 2017ರಿಂದ ಬಳಕೆಗೆ ಬಂದದ್ದು 375 ಮೀಟರ್ ಚೌಕಗಳಲ್ಲಿ ನೋಡುತ್ತದೆ. ಆದರೆ ಈ ಉಪಗ್ರಹಗಳು ಒಂದು ಜಾಗದ ಮೇಲೆ ಹಾದುಹೋಗುವುದು ದಿನಕ್ಕೆ ಕೆಲವೇ ಬಾರಿ. ಮಧ್ಯಾಹ್ನ ಉಪಗ್ರಹ ದಾಟಿದ ಮೇಲೆ ಹೊತ್ತಿದ ಬೆಂಕಿಯನ್ನು ಸಂಜೆಯೊಳಗೆ ನೋಡಬಲ್ಲವನು ಊರ ಮುಂದಿನ ಕಟ್ಟೆಯ ಮೇಲೆ ಕುಳಿತವನು ಮಾತ್ರ. ಸದರಿ ಸಂಸ್ಥೆಯ ಜಾಲತಾಣದಲ್ಲಿ ಹೆಸರು ನೋಂದಾಯಿಸಿ ತಮ್ಮ ಪ್ರದೇಶದ ಬೆಂಕಿ ಸೂಚನೆಗಳನ್ನು ಪಡೆಯಲು ಸಾರ್ವಜನಿಕರಿಗೂ ಅವಕಾಶ ಕಲ್ಪಿಸಲಾಗಿದೆ.

2019ರಲ್ಲಿ ಮೈಸೂರು, ಬೆಂಗಳೂರುಗಳಿಂದ ಅನೇಕ ಸ್ವಯಂಸೇವಕರು ಬಂಡೀಪುರಕ್ಕೆ ಧಾವಿಸಿದ್ದರು. ಅವರ ಕಳಕಳಿ ಶ್ಲಾಘನೀಯ. ಆದಾಗ್ಯೂ ಕಾಡಿನ ದಾರಿ ತಿಳಿಯದವರು, ಕೃತಕ ನೂಲಿನ ಬಟ್ಟೆ ಧರಿಸಿದವರು ಬೆಂಕಿಯ ಮುಂದೆ ನಿಂತರೆ ಅವರನ್ನು ಕಾಪಾಡುವುದೇ ಸಿಬ್ಬಂದಿಗೆ ಮತ್ತೊಂದು ಕೆಲಸವಾಗುತ್ತದೆ. ಅಧಿಕಾರಿಗಳು ಕರೆದಲ್ಲಿ ಮಾತ್ರ, ಅವರು ಹೇಳಿದ ಜಾಗಕ್ಕೆ ಮಾತ್ರ ಹೋಗತಕ್ಕದ್ದು. ಗುಡ್ಡದ ಕೆಳಗೆ ಬೆಂಕಿಯಿರುವಾಗ ಮೇಲಿನ ಇಳಿಜಾರಿನಲ್ಲಿ ಎಂದೂ ನಿಲ್ಲಬಾರದು. ಬೆಂಕಿ ಏರುದಾರಿಯಲ್ಲಿ ಓಡುವ ವೇಗಕ್ಕೆ ಮನುಷ್ಯ ಸಾಟಿಯಲ್ಲ.

ಕಾನೂನು

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ 30ನೇ ಪ್ರಕರಣದ ಪ್ರಕಾರ ಅಭಯಾರಣ್ಯಕ್ಕೆ ಬೆಂಕಿ ಹಚ್ಚುವುದು ಮಾತ್ರವಲ್ಲ, ಅದಕ್ಕೆ ಅಪಾಯವಾಗುವಂತೆ ಬೆಂಕಿಯನ್ನು ಉರಿಯಲು ಬಿಟ್ಟುಹೋಗುವುದೂ ನಿಷಿದ್ಧ. ರಾಷ್ಟ್ರೀಯ ಉದ್ಯಾನಗಳಿಗೂ ಇದು ಅನ್ವಯಿಸುತ್ತದೆ. ಹುಲಿ ಸಂರಕ್ಷಿತ ಪ್ರದೇಶದ ಕೋರ್ ವಲಯಕ್ಕೆ ಸಂಬಂಧಿಸಿದ ಅಪರಾಧಕ್ಕೆ ಕನಿಷ್ಠ 3 ವರ್ಷಗಳಿಂದ 7 ವರ್ಷಗಳವರೆಗೆ ಕಾರಾಗೃಹವಾಸ ಹಾಗೂ ದಂಡವಿದೆ. ಅಭಯಾರಣ್ಯದೊಳಗೆ ವಾಸಿಸುವವರು ತಮಗೆ ತಿಳಿದುಬಂದ ಬೆಂಕಿಯನ್ನು ಆರಿಸಲು ಬದ್ಧರೆಂದು ಇದೇ ಅಧಿನಿಯಮದ 27ನೇ ಪ್ರಕರಣ ಹೇಳುತ್ತದೆ. ಮೀಸಲು ಅರಣ್ಯಗಳ ವಿಷಯದಲ್ಲಿ ಕರ್ನಾಟಕ ಅರಣ್ಯ ಅಧಿನಿಯಮ, 1963 ಅನ್ವಯವಾಗುತ್ತದೆ.

ಅರ್ಜಿದಾರರ ಗಮನಕ್ಕೆ

ವನ್ಯಪ್ರಾಣಿಗಳಿಂದ ಬೆಳೆ, ಜಾನುವಾರು ಹಾನಿಯಾದವರು ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಯವರಿಗೆ ವಿಳಂಬವಿಲ್ಲದೆ ಅರ್ಜಿ ಸಲ್ಲಿಸತಕ್ಕದ್ದು. ಪಹಣಿ, ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿ ಹಾಗೂ ಹಾನಿಯ ಛಾಯಾಚಿತ್ರಗಳನ್ನು ಸಿದ್ಧವಾಗಿಟ್ಟುಕೊಂಡಲ್ಲಿ ಸ್ಥಳ ಮಹಜರಿಗೆ ಅನುಕೂಲ. ಸತ್ತ ಜಾನುವಾರನ್ನು ಮಹಜರು ಆಗುವವರೆಗೆ ಸ್ಥಳದಿಂದ ಸಾಗಿಸಬಾರದು.

ಬೆಂಕಿಯಿಂದಲೇ ಮನೆ, ಕೊಟ್ಟಿಗೆ ಅಥವಾ ಬೆಳೆ ಸುಟ್ಟಿದ್ದಲ್ಲಿ ಅರ್ಜಿ ಹೋಗಬೇಕಾದುದು ಅರಣ್ಯ ಕಚೇರಿಗಲ್ಲ, ತಹಶೀಲ್ದಾರರ ಕಚೇರಿಗೆ. ಅಗ್ನಿ ಅನಾಹುತವು ರಾಜ್ಯ ವಿಪತ್ತು ಸ್ಪಂದನಾ ನಿಧಿಯ ವ್ಯಾಪ್ತಿಗೆ ಸೇರಿದೆ. ಗ್ರಾಮ ಆಡಳಿತಾಧಿಕಾರಿಯವರಿಗೆ ತಿಳಿಸಿ, ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ ಅದರ ಪ್ರತಿಯನ್ನು ಪಡೆದುಕೊಳ್ಳತಕ್ಕದ್ದು. ಈ ಎರಡು ಕಚೇರಿಗಳ ವ್ಯತ್ಯಾಸ ತಿಳಿಯದೆ ಅರ್ಜಿ ಹಿಡಿದು ಅಲೆಯುವುದನ್ನು ಇದರಿಂದ ತಪ್ಪಿಸಬಹುದು.

ಚಾರಣಕ್ಕೆ ಅರಣ್ಯ ವಿಹಾರ ಜಾಲತಾಣದ ಮೂಲಕ ಅನುಮತಿ ಕೋರುವವರು ಬೆಂಕಿ ಋತುವಿನಲ್ಲಿ ಚಾರಣ ಮಾರ್ಗಗಳನ್ನು ಮುಚ್ಚುವ ಸಂಭವವಿರುವುದನ್ನು ಗಮನಿಸುವುದು. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಲುಕಿ 20ಕ್ಕೂ ಹೆಚ್ಚು ಚಾರಣಿಗರು ಮೃತಪಟ್ಟರು. ಮುಚ್ಚಿದ ಮಾರ್ಗದಲ್ಲಿ ಮಾರ್ಗದರ್ಶಕರ ಮೂಲಕ ಹೋಗಬಹುದೆಂದು ಯಾರಾದರೂ ಹಣ ಕೇಳಿದಲ್ಲಿ ಕೊಡದೆ, ವಲಯ ಕಚೇರಿಗೆ ತಿಳಿಸಲು ಕೋರಲಾಗಿದೆ.

ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವು 2009ರಿಂದ ಇದೆ. ಹಗಲಿನಲ್ಲಿಯೂ ಕಾಡಿನ ನಡುವೆ ವಾಹನ ನಿಲ್ಲಿಸುವುದು, ಅಡುಗೆ ಮಾಡುವುದು ಹಾಗೂ ಧೂಮಪಾನ ಮಾಡುವುದನ್ನು ನಿಷೇಧಿಸಲಾಗಿದೆ. ಹೊಗೆಯಿಂದ ರಸ್ತೆ ಕಾಣದಿದ್ದಲ್ಲಿ ಮುಂದುವರಿಯದೆ, ಹಿಂದಿನ ತನಿಖಾ ಠಾಣೆಗೆ ಮರಳಿ ಅಲ್ಲಿನ ಸಿಬ್ಬಂದಿಯ ಸೂಚನೆಗಾಗಿ ಕಾಯತಕ್ಕದ್ದು.